ಎತ್ತಿಗೆ ಜ್ವರ, ಪಂಪಿಗೆ ಬರೆ

ಲಾರಿ ನಂಬಿ ಬದುಕುವವರ ನಡುವೆ ಒಂದು ಮಾತು ವೇದವಾಕ್ಯದಂತೆ ಓಡಾಡುತ್ತದೆ. "ಪಂಪ್ ಮಾಡಿಸ್ಕೊಂಡು ಬಂದ್ಮೇಲೇನೇ ಗಾಡಿ ಹಿಂಗಾಗಿದ್ದು. ಪಂಪ್‌ನೋನು ಕೆಲಸ ಕೆಡಿಸಿದಾನೆ. ಬಿಚ್ಚಿ ವಾಪಸ್ ಕಳಿಸು." ಗಾಡಿ ಸ್ಟಾರ್ಟ್ ಆಗದಿದ್ದರೂ ಇದೇ ಮಾತು. ಕಪ್ಪು ಹೊಗೆ ಬಂದರೂ ಇದೇ, ಬಿಳಿ ಹೊಗೆ ಬಂದರೂ ಇದೇ, ಘಾಟಿಯಲ್ಲಿ ಪಿಕಪ್ ಸಾಲದಿದ್ದರೂ ಇದೇ. ಓನರ್ ಹೇಳುತ್ತಾನೆ, ಡ್ರೈವರ್ ಹೇಳುತ್ತಾನೆ, ಕೊನೆಗೆ ಕೈಯಲ್ಲಿ ಸ್ಪ್ಯಾನರ್ ಹಿಡಿದ ಮೇಸ್ತ್ರಿಯೂ ಹೇಳುತ್ತಾನೆ. ಯಾವಾಗಲೋ ಒಮ್ಮೆ ನಿಜವಾಗುವ ಮಾತನ್ನು ಸದಾ ನಿಜವೆಂದು ನಂಬಿ ನಾವು ಒಳ್ಳೆಯ ಪಂಪುಗಳನ್ನು ಕೆಡಿಸುತ್ತಿದ್ದೇವೆ, ಒಳ್ಳೆಯ ಎಂಜಿನ್ನುಗಳನ್ನು ಸುಡುತ್ತಿದ್ದೇವೆ. ಎಂಜಿನ್ನನ್ನು ಮೊದಲು ಪರೀಕ್ಷೆ ಮಾಡದವನಿಗೆ ಪಂಪನ್ನು ಎರಡನೇ ಸಲ ಬಿಚ್ಚುವ ಹಕ್ಕಿಲ್ಲ. ನಾನು ಇಲ್ಲಿ ವಾದಿಸಲು ಕೂತಿರುವುದು ಇಷ್ಟನ್ನೇ.

ನಾನು ಹೇಳುತ್ತಿರುವುದು ಎಂಜಿನ್ನಿಗೆ ಡೀಸೆಲ್ ಒತ್ತಿ ಕಳಿಸುವ ಹಳೆಯ ಇನ್‌ಲೈನ್ ಪಂಪಿನ ಬಗ್ಗೆ, ಆರು ಸಿಲಿಂಡರಿಗೆ ಆರು ಎಲಿಮೆಂಟು ಸಾಲಾಗಿ ನಿಂತಿರುವ ಪಂಪು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಬಂದ ಮೇಲಿನ ಹೊಸ ಲಾರಿಗಳಲ್ಲಿ ಇದರ ಜಾಗಕ್ಕೆ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಬಂದಿದೆ. ಆದರೆ ಹಳೆಯ ಟಿಪ್ಪರು, ಬೋರ್‌ವೆಲ್ ಲಾರಿ, ನೀರಿನ ಟ್ಯಾಂಕರುಗಳಲ್ಲಿ ಈ ಪಂಪು ಇನ್ನೂ ದುಡಿಯುತ್ತಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ರಾಬರ್ಟ್ ಬಾಷ್ ಕಂಪನಿ ಈ ಬಗೆಯ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ್ದು 1927ರಲ್ಲಿ. ನಮ್ಮಲ್ಲಿ ಇದಕ್ಕೆ ಮನೆಮಾತಿನ ಹೆಸರು ಮೈಕೋ ಪಂಪ್. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರಿನ ಮೊದಲಕ್ಷರಗಳೇ ಮೈಕೋ. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಹೆಸರನ್ನು ಒಂದು ಬಡಾವಣೆಯೇ ಹೊತ್ತಿದೆ. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು, ಆದರೆ ಗ್ಯಾರೇಜಿನ ಬಾಯಲ್ಲಿ ಮೈಕೋ ಹೋಗಲಿಲ್ಲ.

ಆ ಪಂಪಿನ ಒಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತು ಭಾಗಕ್ಕಿಂತ ಹೆಚ್ಚು ಮಾಡಿ, ಅದರಲ್ಲಿ ಒಂದು ಭಾಗ ತೆಗೆದುಕೊಂಡಷ್ಟು. ಯಾವ ಸೀಲೂ ಇಲ್ಲ, ರಿಂಗೂ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ಅಷ್ಟು ನಯವಾಗಿ ಕೂತಿರುವುದರಿಂದಲೇ ಡೀಸೆಲ್ ನೂರಾರು ಬಾರ್ ಒತ್ತಡಕ್ಕೆ ಏರುತ್ತದೆ. ಇಂಥದ್ದನ್ನು ರಸ್ತೆ ಬದಿಯಲ್ಲಿ, ಗೋಣಿಚೀಲದ ಮೇಲೆ, ಧೂಳು ಬೀಸುವ ಮಧ್ಯಾಹ್ನದಲ್ಲಿ "ಒಂದ್ಸಲ ಬಿಚ್ಚಿ ನೋಡೋಣ" ಎನ್ನುವುದು ಪರೀಕ್ಷೆಯಲ್ಲ. ಬಿಚ್ಚಿದ ಪ್ರತಿ ಸಲವೂ ಆ ಪಂಪಿನ ಆಯಸ್ಸು ಕಡಿಮೆಯಾಗುತ್ತದೆ.

ಎದುರಿನವರ ವಾದಕ್ಕೆ ಒಂದು ಬಲ ಇದೆ, ಅದನ್ನು ಮೊದಲು ಒಪ್ಪುತ್ತೇನೆ. ನಿನ್ನೆವರೆಗೆ ಇಲ್ಲದ ತೊಂದರೆ ಇವತ್ತು ಬಂದರೆ, ನಿನ್ನೆ ಕೈಹಾಕಿದ ಕಡೆಯೇ ಹುಡುಕಬೇಕು. ಈ ಸೂತ್ರ ಸರಿ. ಆದರೆ ನಿನ್ನೆ ಕೈಹಾಕಿದ್ದು ಪಂಪೊಂದಕ್ಕೇನು? ಪಂಪ್ ಇಳಿಸಬೇಕಾದರೆ ಆರು ಪ್ರೆಷರ್ ಪೈಪು ಬಿಚ್ಚಿದಿರಿ, ಎಂದರೆ ಹನ್ನೆರಡು ನಟ್ಟು. ಟ್ಯಾಂಕಿನಿಂದ ಬರುವ ಪೈಪು, ಫಿಲ್ಟರಿಗೆ ಹೋಗುವ ಪೈಪು, ಫಿಲ್ಟರಿಂದ ಬರುವ ಪೈಪು, ರಿಟರ್ನ್ ಪೈಪು ಬಿಚ್ಚಿದಿರಿ; ಒಂದೊಂದರಲ್ಲೂ ಬೆಂಜೋ ಬೋಲ್ಟು, ಅದರ ಎರಡು ಬದಿಗೆ ಎರಡು ತಾಮ್ರದ ವಾಷರು. ಆಕ್ಸಿಲರೇಟರ್ ರಾಡು, ಸ್ಟಾಪ್ ಕೇಬಲ್ಲು ಕಳಚಿದಿರಿ. ಕಪ್ಲಿಂಗ್ ಬಿಟ್ಟಿರಿ. ಟರ್ಬೊ ಇರುವ ಗಾಡಿಯಾದರೆ ಮ್ಯಾನಿಫೋಲ್ಡಿನಿಂದ ಪಂಪಿನ ತಲೆಗೆ ಬರುವ ಸಣ್ಣ ಗಾಳಿಯ ನಳಿಕೆಯನ್ನೂ ತೆಗೆದಿರಿ. ಲೆಕ್ಕ ಹಾಕಿದರೆ ಇಪ್ಪತ್ತೈದು ಮೂವತ್ತು ಜೋಡಣೆಗಳು ಅಲುಗಾಡಿವೆ. ಇವೆಲ್ಲ ಗಾಡಿ ನಿಂತಲ್ಲೇ, ನಿಮ್ಮ ಕೈಯಲ್ಲೇ ಆದದ್ದು. ಪಂಪಿನವನು ಮುಟ್ಟಿದ್ದು ಪಂಪನ್ನು ಮಾತ್ರ, ಅದೂ ಅಳತೆಯಿರುವ ಬೆಂಚಿನ ಮೇಲೆ. ಕೈಹಾಕಿದ ಕಡೆ ಹುಡುಕು ಎನ್ನುವ ಸೂತ್ರವನ್ನು ನಿಯತ್ತಿನಿಂದ ಪಾಲಿಸಿದರೆ ಮೊದಲು ಹುಡುಕಬೇಕಾದದ್ದು ಆ ಮೂವತ್ತು ಜೋಡಣೆಗಳಲ್ಲಿ.

ಈ ಪಾಠ ನನಗೆ ಪುಕ್ಕಟೆ ಬಂದದ್ದಲ್ಲ. ನಮ್ಮ ಮನೆಯ ಲಾರಿಗೆ ಪಂಪ್ ಮಾಡಿಸಿದ ಹೊತ್ತಿನಲ್ಲಿ, ಪಂಪು ಹೊಸದಾಗುತ್ತಿದೆಯಲ್ಲ, ಟ್ಯಾಂಕೂ ತೊಳೆದುಬಿಡೋಣ ಎಂದು ಟ್ಯಾಂಕ್ ಇಳಿಸಿ ತೊಳೆಸಿದೆವು. ಒಳ್ಳೆಯ ಕೆಲಸವೇ. ಹಿರಿಯೂರಿನ ಕಡೆಯಿಂದ ಈರುಳ್ಳಿ ಲೋಡು ಮಾಡಿಕೊಂಡು ಯಶವಂತಪುರಕ್ಕೆ ಹೊರಟ ಗಾಡಿ ಶಿರಾ ದಾಟುವಷ್ಟರಲ್ಲಿ ಉಸಿರು ಬಿಟ್ಟಿತು. ಹ್ಯಾಂಡ್ ಪಂಪ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುತ್ತದೆ. "ಅಣ್ಣಾ, ಪಂಪ್‌ನೋನು ಮೋಸ ಮಾಡಿದಾನೆ," ಎಂದ ಡ್ರೈವರು. ನಾನೂ ನಂಬಿದೆ. ಎರಡು ಸಲ ಪಂಪ್ ಇಳಿಸಿ ಕಳಿಸಿದೆವು. ಎರಡು ಸಲವೂ ಪಂಪಿನ ಅಂಗಡಿಯವರು ಬೆಂಚಿಗೆ ಹಾಕಿ, ಸರಿಯಿದೆ ಎಂದು ವಾಪಸ್ ಕೊಟ್ಟರು. ನಾನು ಅವರಿಗೆ ಆಡಬಾರದ ಮಾತು ಆಡಿದೆ. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಬಂದು ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿ ಕ್ಯಾಬಿನ್ನಿಗೆ ಕಟ್ಟಿದರು. ಟ್ಯಾಂಕಿನ ಪೈಪು ಬಿಡಿಸಿ, ಕ್ಯಾನಿನಿಂದ ಬಿಳಿ ಪ್ಲಾಸ್ಟಿಕ್ ಪೈಪನ್ನು ನೇರ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಕೊಟ್ಟರು. ಎಂಜಿನ್ ಗಡಿಯಾರದಂತೆ ಓಡಿತು. ಟ್ಯಾಂಕು ತೊಳೆಯುವಾಗ ಒಳಗಿನ ಸಕ್ಷನ್ ಪೈಪು ಬಗ್ಗಿ, ಮೇಲ್ಭಾಗದಲ್ಲಿ ಸೀಳು ಬಿಟ್ಟಿತ್ತು. ಟ್ಯಾಂಕು ತುಂಬಿದ್ದಾಗ ಸೀಳು ಡೀಸೆಲ್ಲಿನಲ್ಲಿ ಮುಳುಗಿರುತ್ತಿತ್ತು, ಗಾಡಿ ಓಡುತ್ತಿತ್ತು. ಮಟ್ಟ ಇಳಿದಾಗ ಗಾಳಿ ಎಳೆಯುತ್ತಿತ್ತು. ಅಷ್ಟೇ. ಆ ಹೊತ್ತಿಗೆ ಈರುಳ್ಳಿ ಕೊಳೆತಿತ್ತು.

ಗಾಳಿಯ ಬಗ್ಗೆ ಇನ್ನಷ್ಟು ಹೇಳಲೇಬೇಕು. ಪಂಪ್ ಕೂರಿಸಿದ ಮೇಲೆ ಬರುವ ತೊಂದರೆಗಳಲ್ಲಿ ನಾನು ಹೆಚ್ಚು ಕಂಡದ್ದು ಇದನ್ನೇ, ನಮ್ಮ ಜನ ಅತ್ಯಂತ ತಪ್ಪಾಗಿ ತಿಳಿದಿರುವುದೂ ಇದನ್ನೇ. "ಎಲ್ಲೂ ಲೀಕಿಲ್ಲ, ಒಂದು ಹನಿಯೂ ಸೋರ್ತಿಲ್ಲ, ಏರ್ ಎಲ್ಲಿಂದ ಬರುತ್ತೆ?" ಎಂದು ಕೇಳುತ್ತಾರೆ. ಫೀಡ್ ಪಂಪಿನಿಂದ ಆಚೆಗೆ ಒತ್ತಡ ಇರುವುದರಿಂದ ಅಲ್ಲಿ ಸಡಿಲವಿದ್ದರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಎಳೆತ. ಅಲ್ಲಿ ಸಡಿಲವಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸೋರದ ಲೀಕೇ ಗಾಡಿಯನ್ನು ನಿಲ್ಲಿಸುವ ಲೀಕು. ಡೀಸೆಲ್ಲನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆದ್ದರಿಂದಲೇ ಪ್ಲಂಜರು ಒತ್ತಿದ ಕೂಡಲೇ ಪೈಪಿನ ಆಚೆ ತುದಿಯಲ್ಲಿ ನಾಜಲ್ ತೆರೆಯುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ ಪ್ಲಂಜರಿನ ಶ್ರಮವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ನಾಜಲ್ ತೆರೆಯುವುದೇ ಇಲ್ಲ. ಹೊಚ್ಚ ಹೊಸ ಎಲಿಮೆಂಟು ಹಾಕಿದ ಪಂಪೂ ಅಲ್ಲಿ ಕೈಚೆಲ್ಲಬೇಕು.

ಅದಕ್ಕೇ ಹೇಳುವುದು, ಹಳೆಯ ತಾಮ್ರದ ವಾಷರನ್ನು ತಿರುವಿ ಹಾಕಬೇಡಿ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗಿರುತ್ತದೆ, ಎರಡನೇ ಸಲ ಸಂದು ಮುಚ್ಚುವುದಿಲ್ಲ. ಫೀಡ್ ಪಂಪಿನ ಹಿಂದೊಂದು ಮುಂದೊಂದು ಬಿಳಿ ಪೈಪು ಕಟ್ಟಿ ಗುಳ್ಳೆ ಬರುತ್ತಿದೆಯೇ ನೋಡಿ. ಏರ್ ತೆಗೆಯುವುದಕ್ಕೂ ಕ್ರಮವಿದೆ: ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ ಕಡೆಯ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದು. ಇದನ್ನು ಮಾಡುವಾಗ ಸ್ಟಾಪ್ ಲಿವರ್ ಓಡುವ ಸ್ಥಾನದಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಕೇಬಲ್ಲು ಗಿಡ್ಡವಾಗಿ ಕೂತು ಲಿವರ್ ಅರ್ಧಕ್ಕೇ ನಿಂತಿದ್ದರೆ ಬೆಳಗಿನಿಂದ ಸಂಜೆವರೆಗೆ ಸೆಲ್ಫ್ ಹೊಡೆದರೂ ಒಂದು ಹನಿ ಬರುವುದಿಲ್ಲ, ಬ್ಯಾಟರಿ ಮಾತ್ರ ಸಾಯುತ್ತದೆ. ಡೀಸೆಲ್ ಬರುತ್ತಿಲ್ಲ ಎಂದು ಇಳಿಸಿ ಕಳಿಸಿದ ಪಂಪುಗಳಲ್ಲಿ ಇಷ್ಟೇ ಕಾರಣದವು ಇದ್ದವು ಎಂಬುದನ್ನು ಯಾವ ಅನುಭವಸ್ಥ ಪಂಪ್ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ಇನ್ನೊಂದು ಎಚ್ಚರಿಕೆ: ನಾಜಲ್ ಸಿಂಪಡಿಸುತ್ತಿದೆಯೇ ಎಂದು ಯಾರೂ ಅಂಗೈ ಒಡ್ಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಬೆರಳೇ ಹೋಗುತ್ತದೆ.

ಇನ್ನು ಟೈಮಿಂಗ್. "ಗುರುತಿಗೆ ಗುರುತು ಸೇರಿಸಿದೀನಿ" ಎಂದು ಎದೆ ತಟ್ಟಿ ಹೇಳುವವರಿಗೆ ಒಂದೇ ಪ್ರಶ್ನೆ: ಒಂದನೇ ಸಿಲಿಂಡರು ಯಾವ ಸಲದ ಟಾಪಿನಲ್ಲಿತ್ತು? ಪಿಸ್ಟನ್ನು ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿ ಒತ್ತಲು, ಇನ್ನೊಮ್ಮೆ ಹೊಗೆ ತಳ್ಳಲು. ಫ್ಲೈವೀಲಿನ ಗುರುತು ಎರಡು ಸಲವೂ ಒಂದೇ ಕಡೆ ನಿಲ್ಲುತ್ತದೆ. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಆರನೆಯದರ ಎರಡೂ ವಾಲ್ವುಗಳು ಆಡುತ್ತಿದ್ದರೆ, ಎಂದರೆ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಿದ್ದರೆ, ಆಗ ಒಂದನೆಯದು ನಿಜವಾದ ಕಂಪ್ರೆಷನ್ನಿನಲ್ಲಿದೆ. ಟ್ಯಾಪೆಟ್ ಕವರ್ ಬಿಚ್ಚಿ ಇದನ್ನು ನೋಡದೆ ಕಪ್ಲಿಂಗ್ ಕೂರಿಸಿದರೆ ಪಂಪು ಅರ್ಧ ಸುತ್ತು ತಪ್ಪಿ ಕೂರುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆಯೇ ಹೊರತು ಎಂಜಿನ್ ಹಿಡಿಯುವುದಿಲ್ಲ.

ಸಣ್ಣ ತಪ್ಪು ಇನ್ನೂ ಕಷ್ಟದ್ದು. ಎಂಜಿನ್ ಎರಡು ಸುತ್ತು ತಿರುಗಿದಾಗ ಪಂಪು ಸುತ್ತುವುದು ಒಂದೇ ಸಲ. ಹಾಗಾಗಿ ಕಪ್ಲಿಂಗಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಎಂಜಿನ್ನಿನಲ್ಲಿ ಎರಡು ಡಿಗ್ರಿ ತಪ್ಪಿದಂತೆ. ಲೇಟಾದರೆ ಬಿಳಿ ಹೊಗೆ, ಬಿಸಿ, ಪಿಕಪ್ ಇಲ್ಲ. ಮುಂಚೆಯಾದರೆ ಕಟಕಟ ನಾಕಿಂಗ್. ಇದಕ್ಕೆ ಕಿವಿ ಸಾಲದು, ಸ್ಪಿಲ್ ಟೈಮಿಂಗ್ ಇಡಬೇಕು. ಒಂದನೇ ಡೆಲಿವರಿ ವಾಲ್ವು ತೆಗೆದು, ಅಲ್ಲಿಗೆ ಕೊಕ್ಕರೆಯ ಕೊರಳಿನಂಥ ಪೈಪು ಹಾಕಿ, ಹ್ಯಾಂಡ್ ಪಂಪ್ ಒತ್ತುತ್ತಾ ಎಂಜಿನ್ ಮೆಲ್ಲಗೆ ತಿರುಗಿಸಿದರೆ ಧಾರೆಯಾಗಿ ಬರುತ್ತಿದ್ದ ಡೀಸೆಲ್ ಒಂದು ಕ್ಷಣದಲ್ಲಿ ಹನಿಗೆ ಇಳಿದು ನಿಲ್ಲುತ್ತದೆ. ಪಂಪು ಒತ್ತಲು ಶುರುಮಾಡುವ ಜಾಗ ಅದೇ. ಅದು ಎಂಜಿನ್ನಿನ ಪುಸ್ತಕ ಹೇಳುವ ಡಿಗ್ರಿಗೆ ಹೊಂದಬೇಕು. ಎಂಜಿನ್ನನ್ನು ಅದು ಓಡುವ ದಿಕ್ಕಿಗೇ ತಿರುಗಿಸಿ. ಗುರುತು ದಾಟಿದರೆ ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಬನ್ನಿ, ಇಲ್ಲವಾದರೆ ಗೇರಿನ ಹಲ್ಲುಗಳ ಸಡಿಲವೇ ಸುಳ್ಳು ಹೇಳುತ್ತದೆ. ಗೊತ್ತಿರುವವನಿಗೆ ಇದು ಒಂದು ಗಂಟೆಯೊಳಗಿನ ಕೆಲಸ. ಪಂಪ್ ಇಳಿಸಿ, ಬಸ್ಸಿಗೆ ಹಾಕಿ, ವಾಪಸ್ ತರಿಸಿ ಕೂರಿಸುವುದಕ್ಕೆ ದಿನಗಳೇ ಬೇಕು. ಪರೀಕ್ಷೆಗೆ ಟೈಮಿಲ್ಲ, ಲೋಡು ಕಾಯ್ತಿದೆ, ಕಂತು ಕಟ್ಟಬೇಕು ಎನ್ನುವವರು ಈ ಲೆಕ್ಕವನ್ನೊಮ್ಮೆ ಹಾಕಬೇಕು.

ಎದುರಿನವರು ಸುಲಭವಾಗಿ ಬಿಟ್ಟುಕೊಡದ ಮಾತೊಂದಿದೆ. ಹಳೆ ಪಂಪಿನಲ್ಲಿ ಇಲ್ಲದ ಹೊಗೆ, ಹೊಸದಾಗಿ ಮಾಡಿಸಿದ ಪಂಪಿನಲ್ಲಿ ಏಕೆ? ಸವೆದ ಪಂಪು ಡೀಸೆಲ್ ಕಡಿಮೆ ಕೊಡುತ್ತದೆ, ನಿಧಾನವಾಗಿ ಕೊಡುತ್ತದೆ. ಅದರ ಜತೆ ನಾಜಲ್ಲುಗಳೂ ಸವೆದು, ಸ್ಪ್ರಿಂಗು ಬಳಲಿ, ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರುತ್ತವೆ. ಎರಡೂ ಬಡಕಲಾಗಿದ್ದಾಗ ಗಾಡಿ ಹೇಗೋ ತೆವಳುತ್ತಿತ್ತು. ಈಗ ಪಂಪು ಪೂರ್ತಿ ಡೀಸೆಲ್ ಕಳಿಸುತ್ತಿದೆ, ಅದನ್ನು ಸರಿಯಾಗಿ ಸಿಂಪಡಿಸುವ ನಾಜಲ್ ಇಲ್ಲ. ಬೆಂಚಿನಲ್ಲಿ ಪಂಪನ್ನು ಅಳೆಯುವಾಗ ಗೊತ್ತಾದ ಅಳತೆಯ ನಾಜಲ್, ಪೈಪುಗಳಿರುತ್ತವೆ, ಪರೀಕ್ಷೆಗೆಂದೇ ಮಾಡಿದ ಎಣ್ಣೆ ಇರುತ್ತದೆ. ನಿಮ್ಮ ಎಂಜಿನ್ನಿನ ಸವೆದ ನಾಜಲ್, ಎಳೆದೆಳೆದು ಬಿಗಿದು ತುದಿ ಕಿರಿದಾದ ಪೈಪು ಅಲ್ಲಿರುವುದಿಲ್ಲ. ಪಂಪ್ ಮಾಡಿಸಿ ನಾಜಲ್ ಬಿಟ್ಟವನು ಅರ್ಧ ಕೆಲಸ ಮಾಡಿಸಿದ್ದಾನೆ. ಅಲ್ಲದೆ ಪಂಪನ್ನು ಮೊದಲು ಇಳಿಸಿದ್ದಾದರೂ ಏಕೆ? ಗಾಡಿಗೆ ಆಗಲೇ ಕಾಯಿಲೆಯಿತ್ತು. ಏರ್ ಫಿಲ್ಟರು ಕಟ್ಟಿತ್ತೋ, ರಿಂಗು ಸವೆದು ಕಂಪ್ರೆಷನ್ ಹೋಗಿತ್ತೋ, ಯಾರೂ ನೋಡಲಿಲ್ಲ. ಪಂಪಿನ ಮೇಲೆ ಹೊರಿಸಿ ಕಳಿಸಿದರು. ವಾಪಸ್ ಬಂದ ಮೇಲೂ ಅದೇ ಕಾಯಿಲೆ ಇದ್ದರೆ ಅದು ಪಂಪು ತಂದದ್ದಲ್ಲ.

ಈ ನಂಬಿಕೆಯಿಂದ ಹುಟ್ಟಿರುವ ಅತಿ ಕೆಟ್ಟ ಚಾಳಿ ಸ್ಕ್ರೂ ತಿರುಗಿಸುವುದು. ಪಿಕಪ್ ಇಲ್ಲ ಎಂದ ಕೂಡಲೇ ಸೀಲು ಕತ್ತರಿಸಿ, ಡೀಸೆಲ್ ಹೆಚ್ಚು ಬಿಡುವ ಸ್ಕ್ರೂಗೆ ಕೈಹಾಕುತ್ತಾರೆ. ನಿಜವಾದ ಕಾರಣ ರಿಟರ್ನ್ ವಾಲ್ವಿನ ಸ್ಪ್ರಿಂಗು ಮುರಿದು ಪಂಪಿನ ಹೊಟ್ಟೆಯಲ್ಲಿ ಒತ್ತಡ ನಿಲ್ಲದಿರುವುದು ಇರಬಹುದು. ಯಾರೋ ಆ ವಾಲ್ವು ಕಳೆದು ಬರೀ ಬೆಂಜೋ ಬೋಲ್ಟು ಹಾಕಿರಬಹುದು. ಟರ್ಬೊ ಗಾಡಿಯಲ್ಲಿ ಆ ಸಣ್ಣ ಗಾಳಿಯ ನಳಿಕೆಯನ್ನು ಕೂರಿಸಲು ಮರೆತಿರಬಹುದು. ಆಗ ಟರ್ಬೊ ಎಷ್ಟು ಗಾಳಿ ಕೊಟ್ಟರೂ ಪಂಪಿಗೆ ಆ ಸುದ್ದಿ ಮುಟ್ಟುವುದಿಲ್ಲ, ಡೀಸೆಲ್ ಹೆಚ್ಚಿಸುವುದಿಲ್ಲ. ಇವೆಲ್ಲ ಐದು ನಿಮಿಷದಲ್ಲಿ ಕಾಣುವಂಥವು. ಅದನ್ನು ನೋಡದೆ ಸ್ಕ್ರೂ ತಿರುಗಿಸಿದರೆ ಗಾಡಿ ಒಂದೆರಡು ವಾರ ಗುಂಯ್ ಎಂದು ಎಳೆಯುತ್ತದೆ, ಹಿಂದೆ ಬರುವವರ ಮುಖಕ್ಕೆ ಮಸಿ ಬಳಿಯುತ್ತದೆ. ಆಮೇಲೆ ಯಾವುದೋ ಏರಿನಲ್ಲಿ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ, ಪಿಸ್ಟನ್ನಿನ ತಲೆ ಕರಗುತ್ತದೆ. ಅಷ್ಟು ಹೊತ್ತಿಗೆ ಸೀಲು ಹೋಗಿದೆ, ಕ್ಯಾಲಿಬ್ರೇಷನ್ ಹೋಗಿದೆ. ಪಂಪಿನವನು ಏನು ಮಾಡಿ ಕೊಟ್ಟಿದ್ದ ಎಂಬುದಕ್ಕೆ ಸಾಕ್ಷಿಯೂ ಹೋಗಿದೆ. ಸೀಲು ಕತ್ತರಿಸಿದ ಕ್ಷಣದಿಂದ ಯಾರನ್ನೂ ದೂರುವ ಹಕ್ಕು ನಿಮಗೆ ಉಳಿಯುವುದಿಲ್ಲ.

ಪಂಪಿನವರು ತಪ್ಪು ಮಾಡುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಾಡುತ್ತಾರೆ. ಡೆಲಿವರಿ ವಾಲ್ವಿನ ಹೋಲ್ಡರನ್ನು ಅಳತೆ ಮೀರಿ ಬಿಗಿದರೆ ಬ್ಯಾರೆಲ್ಲು ಹಿಂಡಿ ಪ್ಲಂಜರು ಹಿಡಿಯುತ್ತದೆ. ಗವರ್ನರಿನ ಒಳಕೊಂಡಿ ತಪ್ಪಿದರೆ, ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ್‍ಯಾಕು ಪೂರ್ತಿ ಡೀಸೆಲ್ಲಿನಲ್ಲಿ ಸಿಕ್ಕಿಕೊಂಡರೆ, ಎಂಜಿನ್ ಕೈಮೀರಿ ರೇಸ್ ಆಗುತ್ತದೆ, ಚೂರಾಗುವವರೆಗೂ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಸ್ಟಾರ್ಟಿನ ಹೊತ್ತಿಗೆ ಏರ್ ಇನ್‌ಟೇಕ್ ಮುಚ್ಚಲು ಒಬ್ಬ ಹಲಗೆ ಹಿಡಿದು ನಿಂತಿರಲೇಬೇಕು. ಇಂಥ ತಪ್ಪು ನಡೆದಾಗ ಪಂಪಿನವನೇ ಹೊಣೆ, ಖರ್ಚೂ ಅವನದೇ. ನಾನು ಕೇಳುವುದು ರುಜುವಾತು. ಎಂಜಿನ್ ಮಿಸ್ ಹೊಡೆಯುತ್ತಿದ್ದರೆ ಐಡಲಿನಲ್ಲಿ ಒಂದೊಂದೇ ಪೈಪಿನ ನಟ್ಟು ಸಡಿಲಿಸಿ ನೋಡಿ. ಯಾವುದನ್ನು ಸಡಿಲಿಸಿದರೂ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಸತ್ತಿದೆ. ಅದರ ನಾಜಲ್ಲನ್ನು ಪಕ್ಕದ ಸಿಲಿಂಡರಿಗೆ ಹಾಕಿ. ಕಾಯಿಲೆ ನಾಜಲ್ಲಿನ ಜತೆ ಹೋದರೆ ನಾಜಲ್ಲಿನದು. ಅಲ್ಲೇ ಉಳಿದರೆ ಕಂಪ್ರೆಷನ್ ನೋಡಿ, ಪೈಪು ನೋಡಿ. ಅವೂ ಸರಿಯಿದ್ದರೆ ಆಗ ಪಂಪಿನ ಕಡೆ ಬೆರಳು ತೋರಿಸಿ, ನಾನೂ ನಿಮ್ಮ ಜತೆ ಬರುತ್ತೇನೆ.

ಇಲ್ಲಿ ಪಂಪಿನ ಅಂಗಡಿಯವರಿಗೂ ಒಂದು ಮಾತು. ಬೆಂಚಿನಲ್ಲಿ ಎಷ್ಟು ಸುತ್ತಿಗೆ, ಸಾವಿರ ಒತ್ತಿಗೆ, ಯಾವ ಎಲಿಮೆಂಟು ಎಷ್ಟು ಡೀಸೆಲ್ ಕೊಟ್ಟಿತು ಎಂಬ ಚೀಟಿಯನ್ನು ಪಂಪಿನ ಜತೆಗೇ ಕೊಡಿ. "ನಮ್ಮ ಮೇಲೆ ನಂಬಿಕೆ ಇಡಿ ಯಜಮಾನ್ರೇ" ಎಂದು ಬಾಯಿಮಾತಿನಲ್ಲಿ ಸಾಗಹಾಕುವುದರಿಂದಲೇ ನಿಮ್ಮ ಮೇಲೆ ಈ ಅಪವಾದ ಬೆಳೆದಿದೆ. ಚೀಟಿ ಇದ್ದರೆ ಜಗಳವೇ ಇರುವುದಿಲ್ಲ.

ಓನರುಗಳೇ, ಮೇಸ್ತ್ರಿಗಳೇ, ಮುಂದಿನ ಸಲ ಪಂಪು ಕೂರಿಸಿದ ಗಾಡಿ ಹಟ ಹಿಡಿದರೆ ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮುಂಚೆ ಒಂದು ಕ್ಯಾನು ಡೀಸೆಲ್, ಒಂದು ಮೀಟರು ಬಿಳಿ ಪೈಪು, ಒಂದು ಪೊಟ್ಟಣ ಹೊಸ ತಾಮ್ರದ ವಾಷರು ತರಿಸಿ. ಅರ್ಧ ದಿನ ಕೊಡಿ. ನನ್ನ ಲಾರಿಗೆ ಆ ಅರ್ಧ ದಿನವನ್ನು ಮೊದಲೇ ಕೊಟ್ಟಿದ್ದರೆ ಈರುಳ್ಳಿ ಮಾರ್ಕೆಟ್ ಸೇರುತ್ತಿತ್ತು.